ಕೊಲ್ಹಾರದ ಗಡಿಗೆ ಮೊಸರು: ಟೈಫಾಯ್ಡ್ ಬಿಟ್ಟ ಮೇಲೆ ನಾನು ಉಂಡದ್ದು

ಟೈಫಾಯ್ಡ್ ಬಂದು ಮೂರು ವಾರ ಮಲಗಿದ್ದೆ. ಜ್ವರ ಬಿಟ್ಟರೂ ಬಾಯಿಗೆ ರುಚಿ ಬರಲಿಲ್ಲ. ಗಂಜಿ ಕಂಡರೆ ಹೊಟ್ಟೆ ತೊಳಸುತ್ತಿತ್ತು, ರೊಟ್ಟಿ ಅಗಿಯುವಷ್ಟು ಬಲ ದವಡೆಯಲ್ಲಿ ಇರಲಿಲ್ಲ, ಎರಡು ತುತ್ತು ಉಂಡು ತಟ್ಟೆ ಸರಿಸಿದರೆ ಅವ್ವ ಏನೂ ಮಾತಾಡದೆ ಎದ್ದು ಒಳಗೆ ಹೋಗುತ್ತಿದ್ದಳು. ಅಂಥ ಹೊತ್ತಲ್ಲಿ ಅಣ್ಣ ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಬರುವಾಗ ಕೊಲ್ಹಾರದಲ್ಲಿ ಇಳಿದು ಒಂದು ಗಡಿಗೆ ಮೊಸರು ತಂದ.

ನಮ್ಮ ಕಡೆಯವರಿಗೆ ಈ ಮೊಸರು ಹೊಸದಲ್ಲ. ಕೊಲ್ಹಾರ ಕೃಷ್ಣಾ ದಂಡೆಯ ಊರು. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಮುಳುಗಿ, ಜನ ಮೇಲೆ ಬಂದು ಮನೆ ಕಟ್ಟಿಕೊಂಡರು, ಮೊಸರು ಮಾತ್ರ ಅವರ ಜೊತೆಗೇ ಬಂತು. ಎಮ್ಮೆ ಹಾಲನ್ನು ಚೆನ್ನಾಗಿ ಕಾಯಿಸಿ, ಗಟ್ಟಿ ಮಾಡಿ, ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕುತ್ತಾರೆ. ಮಣ್ಣು ನೀರಿನಂಶ ಹೀರಿಕೊಳ್ಳುತ್ತದೆ, ಅದು ಹೊರಮೈಯಿಂದ ಆರುತ್ತಾ ಗಡಿಗೆಯನ್ನು ತಂಪಾಗಿ ಇಡುತ್ತದೆ. ಹಾಗಾಗಿ ಒಳಗಿನ ಮೊಸರು ಇನ್ನೂ ಗಟ್ಟಿ. ಗಡಿಗೆ ಬೋರಲು ಹಾಕಿದರೂ ಬೀಳಲ್ಲ ಅಂತ ಮಾರುವವರು ಹಾಕಿಯೇ ತೋರಿಸುತ್ತಾರೆ. ಮೇಲೆ ಕೆನೆ, ಹಿತವಾದ ಹುಳಿ, ಸ್ವಲ್ಪ ಮಣ್ಣಿನ ವಾಸನೆ. ಪ್ಯಾಕೆಟ್ ಮೊಸರಲ್ಲಿ ಈ ವಾಸನೆ ಎಲ್ಲಿಂದ ಬರಬೇಕು?

ಆದರೆ ಕಾಯಿಲೆಯಿಂದ ಎದ್ದವರು ಇದನ್ನು ನೇರವಾಗಿ ತಿನ್ನಬಾರದು. ಎಮ್ಮೆ ಹಾಲಲ್ಲಿ ಆಕಳ ಹಾಲಿಗಿಂತ ಕೊಬ್ಬು ಜಾಸ್ತಿ, ಸೋತ ಹೊಟ್ಟೆಗೆ ಅದು ಭಾರ. ಡಾಕ್ಟರನ್ನು ಕೇಳಿಕೊಂಡು ಅವ್ವ ಮೊದಲ ನಾಲ್ಕು ದಿನ ಬರೀ ಮಜ್ಜಿಗೆ ಕೊಟ್ಟಳು. ಕೆನೆ ತೆಗೆದು, ಎರಡು ಚಮಚ ಮೊಸರನ್ನು ಕಾಯಿಸಿ ಆರಿಸಿದ ನೀರಲ್ಲಿ ಕಡೆದು, ಉಪ್ಪು, ಹುರಿದ ಜೀರಿಗೆ ಪುಡಿ. ಆಮೇಲೆ ಮೆತ್ತಗೆ ಬೇಯಿಸಿದ ಜೋಳದ ನುಚ್ಚಿಗೆ ಅದೇ ಮಜ್ಜಿಗೆ. ಹಾಲು ಹೆಪ್ಪಾಗುವಾಗ ಅದರ ಸಕ್ಕರೆಯ ಒಂದು ಪಾಲು ಹುಳಿಯಾಗಿ ಬದಲಾಗುತ್ತದೆ, ಅದಕ್ಕೇ ಹಾಲು ಒಗ್ಗದ ಎಷ್ಟೋ ಜನರಿಗೆ ಮೊಸರು ಒಗ್ಗುತ್ತದೆ. ನನಗೂ ಹಾಗೇ ಆಯಿತು. ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತಿತ್ತು, ನುಚ್ಚು ಮಜ್ಜಿಗೆ ಉಂಡರೆ ನಿದ್ದೆ ಬರುತ್ತಿತ್ತು.

ಐದನೇ ದಿನದ ಮಾತು ಹೇಳಲೇಬೇಕು. ಜ್ವರ ಶುರುವಾದಾಗಿನಿಂದ ಎದ್ದು ಕೂತು ಲಿಂಗಪೂಜೆ ಮಾಡಲು ಆಗಿರಲಿಲ್ಲ. ಅವತ್ತು ಅವ್ವ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡಾಗ ಕೈ ನಡುಗುತ್ತಿತ್ತು. ಮನೆಯಲ್ಲಿ ಬೇರೇನೂ ಆಗಿರಲಿಲ್ಲ, ಒಂದು ಬಟ್ಟಲು ಮೊಸರನ್ನೇ ನೈವೇದ್ಯಕ್ಕೆ ಇಟ್ಟೆ. ಪೂಜೆ ಮುಗಿಸಿ ಆ ಪ್ರಸಾದ ಬಾಯಿಗೆ ಹಾಕಿಕೊಂಡೆ. ತಣ್ಣಗೆ ಗಂಟಲಲ್ಲಿ ಇಳಿಯಿತು, ರುಚಿ ಗೊತ್ತಾಯಿತು. ಮೂರು ವಾರದಲ್ಲಿ ಮೊದಲ ಸಲ ಇನ್ನೊಂದು ತುತ್ತು ಬೇಕು ಅನಿಸಿತು, ಅಳು ಬಂತು. ಔಷಧಿ ಜ್ವರ ಇಳಿಸಿತ್ತು ನಿಜ, ಆದರೆ ನಾನು ಬದುಕಿದೆ ಅಂತ ನನಗೆ ನಂಬಿಕೆ ಬಂದದ್ದು ಆ ಬಟ್ಟಲಿನಿಂದ.

ಒಂದು ಬೇಸರವೂ ಇದೆ. ಎರಡನೇ ಗಡಿಗೆಯನ್ನು ಬೇರೆ ಊರಿನ ಅಂಗಡಿಯೊಂದರಲ್ಲಿ "ಕೊಲ್ಹಾರದ್ದೇ ರೀ" ಅಂದರು ಅಂತ ತಂದೆವು. ಮನೆಗೆ ಬಂದು ಮುಚ್ಚಳ ತೆಗೆದರೆ ನೀರು ಬಿಟ್ಟಿತ್ತು, ಹಲ್ಲು ಜುಂ ಅನ್ನುವಷ್ಟು ಹುಳಿ. ಚೆಲ್ಲಿದೆವು. ಗಟ್ಟಿಮುಟ್ಟಾಗಿ ಇರುವವರು ತಡೆದುಕೊಳ್ಳುತ್ತಾರೆ, ಹಾಸಿಗೆಯಿಂದ ಈಗಷ್ಟೇ ಎದ್ದವರಿಗೆ ಅಂಥದ್ದು ಕೊಟ್ಟರೆ ತಪ್ಪಲ್ವಾ? ಆದ್ದರಿಂದ ಕೊಲ್ಹಾರದಲ್ಲೇ ಕೊಳ್ಳಿ, ಬೆಳಗಿನ ಹೊತ್ತಲ್ಲೇ ಕೊಳ್ಳಿ. ಗಡಿಗೆಯ ಹೊರಮೈ ಮುಟ್ಟಿ ನೋಡಿ, ತಂಪಾಗಿ, ಸ್ವಲ್ಪ ಪಸೆಯಾಗಿ ಇರಬೇಕು. ಬೇಸಿಗೆಯಲ್ಲಿ ದೂರ ಒಯ್ಯುವುದಾದರೆ ಒದ್ದೆ ಬಟ್ಟೆ ಸುತ್ತಿಕೊಳ್ಳಿ, ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಡಿ. ಬೇಗ ಮುಗಿಸಿ.

ಈಗ ನಾನು ಅದೇ ಮೊಸರನ್ನು ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಜೊತೆ ಕೆನೆ ಸಮೇತ ಉಣ್ಣುತ್ತೇನೆ. ಮೊದಲ ಗಡಿಗೆಯನ್ನು ಅವ್ವ ತೊಳೆದು ಬಿಸಿಲಿಗೆ ಒಣಗಿಸಿ ಇಟ್ಟಿದ್ದಾಳೆ. ಕೊಲ್ಹಾರದ ಹೆಪ್ಪು ಹಾಕಿ ಅದರಲ್ಲೇ ಮನೆ ಮೊಸರು ಮಾಡುತ್ತಾಳೆ. ಅಷ್ಟು ಗಟ್ಟಿ ಬರಲ್ಲ. ನಾಳೆ ಅಣ್ಣ ಮತ್ತೆ ಆ ದಾರಿಯಲ್ಲಿ ಬರುತ್ತಾನೆ, ಎರಡು ಗಡಿಗೆ ಹೇಳಿದ್ದೇನೆ.