ಕಿತ್ತಳೆ ಎಣ್ಣೆ ಮಣಿ ಮಾಡೋರು ದಯವಿಟ್ಟು ಓವನ್‌ಗೆ ಇಡ್ಬೇಡಿ

ಎಸೆನ್ಶಿಯಲ್ ಆಯಿಲ್‌ನ, ಅಂದ್ರೆ ಗಿಡದಿಂದ ತೆಗೆದ ಘಮದ ಎಣ್ಣೆನ, ಆಲ್ಜಿನೇಟ್ ಮಣಿಯೊಳಗೆ ಸೇರ್ಸಿ ನಿಧಾನಕ್ಕೆ ಘಮ ಬಿಡೋ ತರ ಮಾಡ್ಬೇಕು ಅಂತ ಯಾರಾದ್ರೂ ಹೊರಟಿದ್ರೆ, ನಾನು ಕೆಡಿಸ್ಕೊಂಡಿದ್ದನ್ನ ಓದಿ ಆಮೇಲೆ ಶುರು ಮಾಡಿ.

ಆಲ್ಜಿನೇಟ್ ಅಂದ್ರೆ ಕಂದು ಕಡಲಪಾಚಿಯಿಂದ ತೆಗೆಯೋ ಪುಡಿ, ನೀರಲ್ಲಿ ಕಲಸಿದ್ರೆ ಲೋಳೆ ಆಗತ್ತೆ, ಅದನ್ನ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿ ಹನಿ ಬಿಟ್ರೆ ಮಣಿ ಮಣಿಯಾಗಿ ಗಟ್ಟಿ ಆಗತ್ತೆ. ನೋಡೋಕೆ ಎಷ್ಟು ಚಂದ ಅಂದ್ರೆ, ಅದಕ್ಕೇ ನಾನು ಮರುಳಾಗಿದ್ದು. 90 ಗ್ರಾಂ ನೀರು, 2 ಗ್ರಾಂ ಆಲ್ಜಿನೇಟ್, 10 ಗ್ರಾಂ ಕಿತ್ತಳೆ ಸಿಪ್ಪೆ ಎಣ್ಣೆ. ಬೇಗ ಒಣಗ್ಲಿ ಅಂತ 60 ಡಿಗ್ರಿ ಓವನ್‌ಗೆ ಇಟ್ಟೆ, ಆ ಎಣ್ಣೆಯಲ್ಲಿ ಬಹುಪಾಲು ಇರೋ ಲಿಮೋನೀನ್ ಅನ್ನೋ ಘಮದ ಅಂಶ ಕುದಿಯೋದೇ 176 ಡಿಗ್ರಿಗೆ ಅಲ್ವಾ, 60ಕ್ಕೆ ಎಲ್ಲಿಗೆ ಹೋಗತ್ತೆ ಅಂತ ನನ್ನ ಲೆಕ್ಕ. ಮನೆಯೆಲ್ಲಾ ಘಂ ಅಂತಿತ್ತು, ನಾನು ಖುಷಿಯಲ್ಲಿ ಓಡಾಡ್ಕೊಂಡಿದ್ದೆ, ಮಣಿಯಲ್ಲಿ ಇರ್ಬೇಕಾದ ಎಣ್ಣೆನೇ ಹೊರಗೆ ಬರ್ತಿದೆ ಅಂತ ತಲೆಗೆ ಹೋಗ್ಲೇ ಇಲ್ಲ. ಒಣಗಿದ್ಮೇಲೆ ತೂಗಿದೆ. ನೀರು ಹೋಗಿ ಎಣ್ಣೆ, ಆಲ್ಜಿನೇಟ್ ಸೇರಿ 12 ಗ್ರಾಂ ಹತ್ರ ಬರ್ಬೇಕಿತ್ತು, 4 ಗ್ರಾಂ ಕೂಡ ಇಲ್ಲ!

ವಿಷ್ಯ ಏನಂದ್ರೆ ಆ ಮಣಿ ಬಲೆ ಇದ್ದ ಹಾಗೆ, ಡಬ್ಬಿ ಅಲ್ಲ. ಹಸಿ ಮಣಿಯಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರೇ ಇರತ್ತೆ, ಲಿಮೋನೀನ್‌ನಂಥ ಸಣ್ಣ ಅಣು ಆರಾಮಾಗಿ ನುಸುಳತ್ತೆ, ನೀರು ಆವಿ ಆಗೋವಾಗ ಎಣ್ಣೆನೂ ಅದ್ರ ಜೊತೆಗೇ ಎದ್ದು ಹೋಗತ್ತೆ. ಹೂವು ಎಲೆಯಿಂದ ಎಣ್ಣೆ ಇಳಿಸೋದು ಹಬೆ ಹಾಯಿಸಿ ತಾನೇ, ನಾನು ಮಾಡಿದ್ದೂ ಹೆಚ್ಚುಕಮ್ಮಿ ಅದೇ ಕೆಲಸ, ಎಣ್ಣೆ ಹಿಡಿಯೋಕೆ ಪಾತ್ರೆ ಇಟ್ಟಿರ್ಲಿಲ್ಲ ಅಷ್ಟೆ.

ಹಾಂ, ಮಿಕ್ಕ ಎಣ್ಣೆನ ಥರ್ಮಾಕೋಲ್ ಕಪ್‌ಗೆ ಹಾಕಿಟ್ಟಿದ್ದೆ, ತಳ ಕರಗಿ ತೂತಾಗಿ ಟೇಬಲ್ಲೆಲ್ಲಾ ಎಣ್ಣೆ. ಗಾಜಿನ ಪಾತ್ರೆಯಲ್ಲೇ ಮಾಡಿ.

ಎರಡನೇ ಸಲ ಮುಚ್ಚಳ ಸರಿಯಾಗಿ ಹಾಕ್ದೆ ತಿಂಗಳುಗಟ್ಲೆ ಬಿಟ್ಟಿದ್ದ ಹಳೇ ಬಾಟ್ಲಿಯಿಂದಲೇ ಎಣ್ಣೆ ತಗೊಂಡು ಬರಿಗೈಯಲ್ಲಿ ಮಣಿ ಸೋಸಿದೆ. ಬೆರಳ ಸಂದಿಯೆಲ್ಲಾ ಕೆಂಪಗಾಗಿ ಒಂದು ವಾರ ತುರಿಕೆ. ಲಿಮೋನೀನ್‌ಗೆ ಗಾಳಿ ತಾಗ್ತಾ ತಾಗ್ತಾ ಆಕ್ಸಿಜನ್ ಸೇರ್ಕೊಂಡು ಹೈಡ್ರೋಪೆರಾಕ್ಸೈಡ್ ಅನ್ನೋ ಬೇರೆ ರಾಸಾಯನಿಕ ಆಗತ್ತೆ, ಚರ್ಮಕ್ಕೆ ಅಲರ್ಜಿ ತರೋದು ಮುಖ್ಯವಾಗಿ ಅದು. ಗ್ಲೌಸ್ ಹಾಕ್ಕೊಳ್ಳಿ, ಹಳೇ ಎಣ್ಣೆ ಬೇಡ. ಒಣಗಿಸೋ ಗೋಜೇ ಬೇಡ ಅಂತ ಒಂದಷ್ಟನ್ನ ಹಸಿಯಾಗೇ ಡಬ್ಬಿಗೆ ತುಂಬಿದ್ದೆ, ಬೂಷ್ಟು ಬಂತು.

ಮೂರನೇ ಸಲ ಮೊದ್ಲು ಎಣ್ಣೆ ನೀರು ಬೆರೆಯೋ ಹಾಗೆ ಮಾಡೋ ಗಮ್ ಅರೇಬಿಕ್ (ಮರದ ಅಂಟು) ಹಾಕಿ ಎಣ್ಣೆನ ಹಾಲಿನ ತರ ಚೆನ್ನಾಗಿ ಕಡೆದು, ಎಣ್ಣೆ ಅರ್ಧ ಮಾಡಿ, ಫ್ಯಾನ್ ಗಾಳಿಗೆ ಒಣಗಿಸಿದೆ. ಪರವಾಗಿಲ್ಲ ಅನ್ನೋ ಹಾಗಾಯ್ತು, ಆದ್ರೂ ಒಂದಷ್ಟು ಹೋಗೇ ಹೋಯ್ತು. ಇದೇ ಮಣಿ ಮೂರು ತಿಂಗಳು ಘಮ ಬಿಡತ್ತೆ ಅಂತ ಯಾರಾದ್ರೂ ಹೇಳಿದ್ರೆ, ಒಣಗಿದ್ಮೇಲೆ ತೂಕ ಎಷ್ಟು ಬಂತು ಅಂತ ಒಂದ್ಸಲ ಕೇಳಿ ನೋಡಿ.