ಮಸಾರಿ ಮಣ್ಣಿನ ಬ್ಲಾಕು, ಎರೆ ಹೊಲದ ಮನೆ

ಧಾರವಾಡ ಕಡೆಯ ಒಂದು ಘಟಕದಿಂದ ಹೊಲದ ಮನೆಯೊಂದಕ್ಕೆ ಬಂದ, ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕುಗಳ ಬಗ್ಗೆ ಈ ಬರಹ. ಅಳತೆ 230×190×100 ಮಿ.ಮೀ., ತೂಕ ಒಂದಕ್ಕೆ ಸುಮಾರು 8 ಕಿಲೋ. ಮಾಲು ಒಳ್ಳೆಯದು, ಕಳಿಸಿದ್ದು ಮಾತ್ರ ಅವಸರದಲ್ಲಿ.

ಮಸಾರಿ ಅಂದರೆ ಕೆಂಪು ಮಣ್ಣಿಗೆ ಕ್ವಾರಿಯ ಕಲ್ಲುಪುಡಿ, ತೂಕದಲ್ಲಿ ಶೇ. 7ರಿಂದ 8 ಸಿಮೆಂಟ್ ಹಾಕಿದ್ದಾರೆ. 50 ಕಿಲೋ ಚೀಲಕ್ಕೆ 80–90 ಬ್ಲಾಕು ಬಂದರೆ ಈ ಲೆಕ್ಕ ಸರಿ. 120 ತೆಗೆಯುತ್ತೇವೆ ಅನ್ನುವವರ ಮಾಲು ಅಗ್ಗವಾದರೂ ಬೇಡ. ಹೊಲದಲ್ಲೇ ಪುಕ್ಕಟೆ ಸಿಗುತ್ತದೆಂದು ಎರೆ, ಅಂದರೆ ಕಪ್ಪು ಮಣ್ಣನ್ನು ಒತ್ತಿಸಲು ಹೋಗಬೇಡಿ. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಮಣ್ಣನ್ನು ಅಷ್ಟು ಸಿಮೆಂಟ್ ಹಿಡಿದಿಡಲಾರದು.

ಲೋಡ್ ಇಳಿಸುವ ಮುಂಚೆ ಎರಡು ಪರೀಕ್ಷೆ ಮಾಡಿ. ಒಂದು ಬ್ಲಾಕು ಒಡೆದು ಒಳಗೆ ನೋಡಿ. ಕಡಲೆಕಾಳಿನಷ್ಟು ದಪ್ಪನೆಯ ಮಣ್ಣಿನ ಹೆಂಟೆ ಕಂಡರೆ ಜರಡಿ ಹಿಡಿದಿಲ್ಲ ಎಂದರ್ಥ. ಮಳೆಗೆ ಅದೇ ಹೆಂಟೆ ಕರಗಿ ಗೋಡೆಗೆ ಕುಳಿ ಬೀಳುತ್ತದೆ. ಇನ್ನೊಂದನ್ನು ತೂಗಿ, 24 ತಾಸು ಬಕೆಟ್ ನೀರಿನಲ್ಲಿ ಮುಳುಗಿಸಿ, ಮತ್ತೆ ತೂಗಿ. 8 ಕಿಲೋದ್ದು 1.2 ಕಿಲೋಗಿಂತ ಹೆಚ್ಚು ನೀರು ಕುಡಿಯಬಾರದು, ಉಗುರಿನಿಂದ ಕೆರೆದರೆ ಅಂಚು ಉದುರಬಾರದು. ಈ ಲೋಡಿನಲ್ಲಿ ಹೆಂಟೆ ಇರಲಿಲ್ಲ. ಅಂಚು ಮಾತ್ರ ಉದುರಿತು, ಯಾಕೆಂದರೆ ವಾರವೂ ಸರಿಯಾಗಿ ಕ್ಯೂರಿಂಗ್ ಆಗಿರಲಿಲ್ಲ. ಗೋಣಿತಾಟು ಹೊದಿಸಿ 21 ದಿನ ತೇವ ಆರದಂತೆ ನೀರು ಚಿಮುಕಿಸಲೇಬೇಕು.

190 ಮಿ.ಮೀ. ದಪ್ಪದ ಗೋಡೆಗೆ ಚದರ ಮೀಟರಿಗೆ 38 ಬ್ಲಾಕು, ಅಂದರೆ ಹತ್ತಡಿಗೆ ಹತ್ತಡಿ ಗೋಡೆಗೆ ಹತ್ತಿರಹತ್ತಿರ 350. ಗೌಂಡಿಗಳು ರೂಢಿಯಂತೆ 1:4 ಸಿಮೆಂಟ್ ಗಾರೆ ಕಲಸುತ್ತಾರೆ. ಗಾರೆ ಬ್ಲಾಕಿಗಿಂತ ಗಟ್ಟಿಯಾದರೆ ಬಿರುಕು ಬ್ಲಾಕನ್ನೇ ಸೀಳುತ್ತದೆ. ಸಿಮೆಂಟ್, ಮಣ್ಣು, ಮರಳು 1:1:6 ಸಾಕು.

ಬ್ಲಾಕು ಎಷ್ಟೇ ಗಟ್ಟಿಯಿದ್ದರೂ ಬುನಾದಿ ಎರೆಯಲ್ಲಿ ನಿಂತರೆ ಗೋಡೆ ಸೀಳುವುದೇ. ಗಟ್ಟಿ ಗರಸು (ಜಲ್ಲಿ ಬೆರೆತ ಒರಟು ಮಣ್ಣು) ಸಿಗುವವರೆಗೆ ಅಗೆಯಿರಿ, ಅಗೆದ ಎರೆಯನ್ನು ತಿರುಗಿ ತುಂಬಬೇಡಿ, ಗರಸನ್ನೇ ತುಂಬಿ ನೀರು ಹೊಡೆದು ಧುಮ್ಮಸಿನಿಂದ ಕುಟ್ಟಿ ಗಟ್ಟಿ ಮಾಡಿಸಿ. ಮೇಲೆ ಒಂದೂವರೆ ಅಡಿಯಾದರೂ ಕಲ್ಲಿನ ಕಟ್ಟು ಇರಲಿ.

ಮಣ್ಣಿನ ಸಪಾಟು ಚಾವಣಿಯ ಹಳೆ ಮಾಳಿಗೆ ಮನೆಯ ಅಂದ ಬೇಕೆನ್ನುವವರು ಒಂದು ಲೆಕ್ಕ ಮರೆಯುತ್ತಾರೆ. ಒಂದಡಿ ದಪ್ಪ ಮೇಲ್ಮುದ್ದೆ, ಅಂದರೆ ಮಣ್ಣಿನ ಹೊದಿಕೆ, ಹೊತ್ತ ಮಾಳಿಗೆ ಚದರ ಮೀಟರಿಗೆ ಅರ್ಧ ಟನ್ನಿನಷ್ಟು ತೂಗುತ್ತದೆ. ಹಿರಿಯರು ಆ ಭಾರಕ್ಕೆ ಕಂಬ, ಕಂಬದ ತಲೆಯ ಬೋದಿಗೆ, ತೊಲೆ ಕೊಟ್ಟಿದ್ದು ಅಲಂಕಾರಕ್ಕಲ್ಲ. ಮೇಲೆ ಕರ್ಲ (ಸವುಳು) ಮಣ್ಣು ಹರವುತ್ತಿದ್ದುದೂ ಹಾಗೆಯೇ: ಅದರಲ್ಲಿನ ಸೋಡಿಯಂನಿಂದ ಜೇಡಿ ಕದಡಿ ರಂಧ್ರ ಮುಚ್ಚಿಕೊಳ್ಳುತ್ತದೆ, ನೀರು ಇಂಗುವುದಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹರವುವ ತಾಳ್ಮೆ ಇಲ್ಲದವರು ಹಂಚು ಹಾಕಿಸಿ, ಸೂರನ್ನು ಗೋಡೆಯಿಂದ ಎರಡಡಿ ಹೊರಚಾಚಲಿ. ಪಡಸಾಲೆ, ಬೆಳಕಿಂಡಿ ಮಾತ್ರ ಬಿಡಬೇಡಿ. ಏಪ್ರಿಲ್ ಮಧ್ಯಾಹ್ನ ಅವುಗಳ ಬೆಲೆ ಗೊತ್ತಾಗುತ್ತದೆ.

ಈ ಮಾಲಿಗೆ ನನ್ನ ಅಂಕ ಐದಕ್ಕೆ ಮೂರೂವರೆ. ಆರ್ಡರ್ ಕೊಡುವಾಗಲೇ ಘಟಕಕ್ಕೆ ಹೋಗಿ, ಒಟ್ಟಿದ ಪ್ರತಿ ಸಾಲಿನ ಮೇಲೆ ಒತ್ತಿದ ತಾರೀಖನ್ನು ಸುಣ್ಣದಲ್ಲಿ ಬರೆಸಿ. 21 ದಿನ ತುಂಬದ ಸಾಲನ್ನು ಲಾರಿಗೆ ಹೇರಲು ಬಿಡಬೇಡಿ.