ಸೀರಮ್‌ನಿಂದ ಡೆಂಗೀ ಆರ್‌ಎನ್‌ಎ ತೆಗೆಯಲು ನಾನು ಬೀಡ್ ಬಿಟ್ಟು ಕಾಲಂಗೆ ಮರಳಿದ್ದು

ಡೆಂಗೀ ಶಂಕಿತ ರೋಗಿಗಳ ಸೀರಮ್‌ನಿಂದ ವೈರಸ್ಸಿನ ಆರ್‌ಎನ್‌ಎ ಬೇರ್ಪಡಿಸಲು ಕರಾವಳಿಯ ನಮ್ಮ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಎರಡು ಮಳೆಗಾಲಗಳ ಅವಧಿಯಲ್ಲಿ ಮೂರು ವಿಧಾನಗಳನ್ನು ನಡೆಸಿ ನೋಡಿದ್ದೇವೆ: ಸ್ಪಿನ್ ಕಾಲಂ (ಒಳಗೆ ಪೊರೆಯಿರುವ ಸಣ್ಣ ನಳಿಕೆ), ಯಂತ್ರವಿಲ್ಲದೆ ಕೈಯಿಂದಲೇ ಮಾಡುವ ಮ್ಯಾಗ್ನೆಟಿಕ್ ಬೀಡ್ (ಅಯಸ್ಕಾಂತಕ್ಕೆ ಅಂಟುವ ಸೂಕ್ಷ್ಮ ಕಣಗಳು), ಮತ್ತು ಹಳೆಯ ಫಿನಾಲ್–ಕ್ಲೋರೋಫಾರ್ಮ್ ಪದ್ಧತಿ. ಮೊದಲ ವರ್ಷ ಕಾಲಂ ಬಳಸಿದೆವು. ಎರಡನೆಯ ವರ್ಷ ಒಂದು ಮಾದರಿಗೆ ತಗಲುವ ಖರ್ಚು ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂಬ ಒಂದೇ ಕಾರಣಕ್ಕೆ, ಯೋಜನೆಯ ಹಣದಿಂದ ಬೀಡ್ ಕಿಟ್‌ಗಳನ್ನೂ ಅಯಸ್ಕಾಂತದ ಸ್ಟ್ಯಾಂಡನ್ನೂ ತರಿಸಿದೆ. ಆ ನಿರ್ಧಾರ ನನ್ನದೇ. ಆಗಸ್ಟ್ ಮುಗಿಯುವ ಹೊತ್ತಿಗೆ ಮತ್ತೆ ಕಾಲಂ ಕಿಟ್‌ಗೆ ಬೇಡಿಕೆ ಪತ್ರ ಬರೆದವಳೂ ನಾನೇ. ನನ್ನ ಒಲವು ಎತ್ತ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಕಾರಣಗಳನ್ನು ವಿವರವಾಗಿ ಹೇಳುತ್ತೇನೆ.

ಕಾಲಂ ಮತ್ತು ಬೀಡ್ ಎರಡರ ಮೂಲ ತತ್ತ್ವವೂ ಒಂದೇ. ಗ್ವಾನಿಡಿನಿಯಮ್ ಥಯೋಸಯನೇಟ್ ಎಂಬ ಲವಣ ವೈರಸ್ಸಿನ ಹೊದಿಕೆಯನ್ನು ಒಡೆಯುತ್ತದೆ, ಸೀರಮ್‌ನಲ್ಲಿರುವ ಆರ್‌ಎನ್‌ಎ ನಾಶಕ ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಮತ್ತು ಆರ್‌ಎನ್‌ಎ ಸಿಲಿಕಾಕ್ಕೆ ಅಂಟಿಕೊಳ್ಳುವಂತೆ ಮಾಡುತ್ತದೆ. ಅನಂತರ ಆಲ್ಕೋಹಾಲ್ ಬೆರೆತ ಬಫರ್‌ನಿಂದ ತೊಳೆದು, ಕೊನೆಗೆ ಲವಣವಿಲ್ಲದ ಸ್ವಲ್ಪ ದ್ರವದಲ್ಲಿ ಆರ್‌ಎನ್‌ಎ ಬಿಡಿಸಿಕೊಳ್ಳುತ್ತೇವೆ. ನೆದರ್ಲೆಂಡ್ಸ್‌ನ ಬೂಮ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಈ ವಿಧಾನವೇ ಇಂದಿನ ಬಹುಪಾಲು ಕಿಟ್‌ಗಳ ತಾಯಿಬೇರು. ಕಾಲಂನಲ್ಲಿ ಸಿಲಿಕಾ ಒಂದು ಪೊರೆಯಾಗಿ ಕುಳಿತಿರುತ್ತದೆ. ಬೀಡ್‌ನಲ್ಲಿ ಕಬ್ಬಿಣದ ಆಕ್ಸೈಡ್ ಕಣಗಳಿಗೆ ಲೇಪವಾಗಿರುತ್ತದೆ. ಹಾಗಾಗಿ ನನ್ನ ಅನುಭವದಲ್ಲಿ ನಿಜವಾದ ವ್ಯತ್ಯಾಸ ಇರುವುದು ಆರ್‌ಎನ್‌ಎ ಅಂಟುವುದರಲ್ಲಿ ಅಲ್ಲ, ತೊಳೆದ ಆಲ್ಕೋಹಾಲ್ ಹೊರಗೆ ಹೋಗುವ ದಾರಿಯಲ್ಲಿ. ಕಾಲಂನಲ್ಲಿ ಅದನ್ನು ಸೆಂಟ್ರಿಫ್ಯೂಜ್, ಅಂದರೆ ಟ್ಯೂಬುಗಳನ್ನು ವೇಗವಾಗಿ ತಿರುಗಿಸುವ ಯಂತ್ರ, ಹೊರದೂಡುತ್ತದೆ. ಕೈ ಬೀಡ್‌ನಲ್ಲಿ ಅದನ್ನು ಪಿಪೆಟ್ಟಿನ ತುದಿಯಿಂದ ನಾವೇ ಹೀರಿ ತೆಗೆಯಬೇಕು, ಉಳಿದದ್ದು ಗಾಳಿಗೆ ಆರಬೇಕು.

ನಮ್ಮ ತೊಂದರೆ ಹುಟ್ಟಿದ್ದು ಇಲ್ಲಿಯೇ. ಡೆಂಗೀ ಹೆಚ್ಚುವುದು ಮಳೆಗಾಲದಲ್ಲಿ, ಅಂದರೆ ನಮ್ಮ ಕಡೆ ಡಬ್ಬಿ ತೆರೆದಿಟ್ಟ ಹಪ್ಪಳ ಗಂಟೆಯೊಳಗೆ ಮೆತ್ತಗಾಗುವ ಕಾಲದಲ್ಲಿ. ಕೊನೆಯ ತೊಳೆತದ ದ್ರವದಲ್ಲಿ 80% ಎಥನಾಲ್, ಉಳಿದದ್ದು ನೀರು. ಟ್ಯೂಬನ್ನು ಅಯಸ್ಕಾಂತಕ್ಕೆ ಒರಗಿಸಿ ದ್ರವವನ್ನು ಹೀರಿದ ಮೇಲೆ ಕಂದು ಬಣ್ಣದ ಬೀಡ್‌ಗಳು ಗೋಡೆಗೆ ಕಾಫಿ ಗಷ್ಟಿನಂತೆ ಅಂಟಿರುತ್ತವೆ. ಐದು ನಿಮಿಷ ಆರಲು ಬಿಡಿ, ಹೊಳಪು ಹೋದ ಕೂಡಲೇ ಎಲ್ಯೂಷನ್ ಬಫರ್ (ಆರ್‌ಎನ್‌ಎ ಬಿಡಿಸಿಕೊಳ್ಳುವ ಕೊನೆಯ ದ್ರವ) ಹಾಕಿ ಎಂದು ಕಿಟ್‌ನ ಕೈಪಿಡಿ ಹೇಳುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಮೇಜಿನ ಮೇಲೆ ಆ ಹೊಳಪು ಹತ್ತು ನಿಮಿಷವಾದರೂ ಹೋಗುತ್ತಿರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಗೋಡೆಗೆ ಹರಡಿಕೊಂಡಿದ್ದ ತೊಳೆತದ ದ್ರವ ಒಂದೆರಡು ನಿಮಿಷಗಳ ಬಳಿಕ ನಿಧಾನವಾಗಿ ಜಾರಿ ಟ್ಯೂಬಿನ ತಳದಲ್ಲಿ ಸಾಸಿವೆಯಷ್ಟು ಹನಿಯಾಗಿ ನಿಲ್ಲುತ್ತಿತ್ತು. ಬೆಳಕಿಗೆ ಹಿಡಿದು ಓರೆಯಾಗಿ ನೋಡದ ಹೊರತು ಅದು ಕಾಣುತ್ತಿರಲಿಲ್ಲ. “ಮೇಡಂ, ಒಣಗಿದೆಯೋ ಇಲ್ಲವೋ ಹೇಳಲಿಕ್ಕೇ ಆಗುವುದಿಲ್ಲ” ಎಂದು ನಮ್ಮ ತಂತ್ರಜ್ಞೆ ಮೊದಲ ವಾರವೇ ಹೇಳಿದ್ದರು. ನಾನು ಆಗ ಅದಕ್ಕೆ ತಕ್ಕಷ್ಟು ಗಮನ ಕೊಡಲಿಲ್ಲ.

ಆ ಹನಿಯ ಎಥನಾಲ್ ಆರ್‌ಎನ್‌ಎ ಜೊತೆಗೆ ಸೇರಿ ಆರ್‌ಟಿ-ಪಿಸಿಆರ್ (ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ, ಅದನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ಪರೀಕ್ಷೆ) ಟ್ಯೂಬಿಗೆ ಹೋದರೆ ಕಿಣ್ವಗಳ ಕೆಲಸವನ್ನು ತಡೆಯುತ್ತದೆ. ನಮಗೆ ಅನುಮಾನ ಬಂದದ್ದು ಒಬ್ಬ ರೋಗಿಯ ಜ್ವರದ ಮೂರನೆಯ ದಿನದ ಸೀರಮ್‌ನಿಂದ. ಡೆಂಗೀ ವೈರಸ್ಸಿನ ಪ್ರೋಟೀನನ್ನು ಹುಡುಕುವ ಎನ್‌ಎಸ್‌1 ಎಲೈಸಾ ಪರೀಕ್ಷೆ ಗಟ್ಟಿಯಾಗಿ ಪಾಸಿಟಿವ್, ಆದರೆ ಪಿಸಿಆರ್‌ನಲ್ಲಿ ಸಿಟಿ ಮೌಲ್ಯ 31. ಸಂಕೇತ ಹೊಸ್ತಿಲು ದಾಟುವ ಆವರ್ತದ ಸಂಖ್ಯೆಯೇ ಸಿಟಿ. ವೈರಸ್ ಹೆಚ್ಚಿದ್ದಷ್ಟೂ ಅದು ಕಡಿಮೆ ಬರುತ್ತದೆ. ಅದೇ ಸೀರಮ್ ಅನ್ನು ಉಳಿದಿದ್ದ ಕಾಲಂನಲ್ಲಿ ಮಾಡಿದಾಗ ಬಂದದ್ದು 26. ಆಗ ಬೀಡ್‌ನಿಂದ ಬಂದ ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಓಡಿಸಿದೆವು. ಪ್ರತಿಕ್ರಿಯೆ ಸರಿಯಾಗಿ ನಡೆಯುತ್ತಿದ್ದರೆ ಹತ್ತು ಪಟ್ಟು ತೆಳುವಾದ ಮಾದರಿಯ ಸಿಟಿ ಸುಮಾರು 3.3ರಷ್ಟು ಮೇಲೇರಬೇಕು. ನಮಗೆ ಅದು 29.6ಕ್ಕೆ ಇಳಿಯಿತು. ತೆಳುಮಾಡಿದರೆ ಫಲಿತಾಂಶ ಉತ್ತಮವಾಗುತ್ತದೆ ಎಂದರೆ ಒಳಗೆ ತಡೆವಸ್ತು ಇದೆ ಎಂದೇ ಅರ್ಥ. ಆರ್‌ಎನ್‌ಎ ಕಳೆದುಹೋಗಿರಲಿಲ್ಲ, ಅದರ ಕೈ ಕಟ್ಟಿತ್ತು ಅಷ್ಟೇ.

ಇದಕ್ಕೆ ನಾವು ಮಾಡಿದ ಪರಿಹಾರಗಳು ಒಂದೊಂದೂ ಹೊಸ ತೊಂದರೆ ತಂದವು. ಹವಾನಿಯಂತ್ರಣದ ಗಾಳಿಯ ನೇರಕ್ಕೆ ಇಟ್ಟು ಆರಿಸಿದರೆ ಬೀಡ್‌ಗಳು ಅತಿಯಾಗಿ ಒಣಗಿ, ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಡುತ್ತಿದ್ದವು. ಹಾಗೆ ಒಣಗಿದ ಬೀಡ್ ಬಫರ್‌ನಲ್ಲಿ ಮತ್ತೆ ಸರಿಯಾಗಿ ಕದಡುವುದಿಲ್ಲ, ಆರ್‌ಎನ್‌ಎ ಪೂರ್ತಿ ಬಿಡುವುದೂ ಇಲ್ಲ. 55 ಡಿಗ್ರಿಯ ಹೀಟ್ ಬ್ಲಾಕ್ ಮೇಲೆ ಇಟ್ಟರೆ ಅಂಚಿನ ಟ್ಯೂಬ್ ಒಂದು ಬಗೆ, ನಡುವಿನದು ಇನ್ನೊಂದು ಬಗೆ. ಕಡೆಗೆ ಕೆಲಸಕ್ಕೆ ಬಂದದ್ದು ಇದು: ಹೀರಿದ ಮೇಲೆ ಟ್ಯೂಬನ್ನು ಕ್ಷಣಕಾಲ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮತ್ತೆ ಅಯಸ್ಕಾಂತಕ್ಕೆ ಇಟ್ಟು, ತಳದ ಹನಿಯನ್ನು 10 ಮೈಕ್ರೋಲೀಟರ್‌ನ ಸಣ್ಣ ಟಿಪ್ಪಿನಿಂದ ತೆಗೆದು, ಬಳಿಕ ಆರಲು ಬಿಡುವುದು. ಇದರಿಂದ ಸಿಟಿ ಸರಿಹೋಯಿತು. ಆದರೆ ಸೆಂಟ್ರಿಫ್ಯೂಜ್ ಬೇಡ ಎಂಬುದು ಬೀಡ್‌ನ ದೊಡ್ಡ ಅನುಕೂಲ. ಅದೇ ಹೋದ ಮೇಲೆ, ಪ್ರತಿ ಮಾದರಿಗೂ ಒಂದು ಟಿಪ್ಪು ಮತ್ತು ಒಂದು ಸುತ್ತು ಹೆಚ್ಚಾದ ಮೇಲೆ, ಉಳಿತಾಯ ಎಲ್ಲಿ ಎಂದು ನನಗೆ ತಿಳಿಯಲಿಲ್ಲ.

ಕಾಲಂನಲ್ಲಿ ಇದೇ ಹಂತ ಹೀಗೆ ಮುಗಿಯುತ್ತದೆ: ಕೊನೆಯ ತೊಳೆತದ ನಂತರ ಹೊಸ ಸಂಗ್ರಹ ಟ್ಯೂಬಿನಲ್ಲಿ ಕಾಲಂ ಇಟ್ಟು, ಏನೂ ಹಾಕದೆ ಪೂರ್ಣ ವೇಗದಲ್ಲಿ ಒಂದು ನಿಮಿಷ ತಿರುಗಿಸುವುದು. ಹೊರಗೆ ಮಳೆಯಿದ್ದರೂ ಬಿಸಿಲಿದ್ದರೂ ಪೊರೆ ಒಂದೇ ರೀತಿ ಒಣಗುತ್ತದೆ.

ಈ ದೋಷ ನಮ್ಮ ಕಣ್ಣಿಗೆ ಬೀಳಲು ನೆರವಾದದ್ದು ಆಂತರಿಕ ನಿಯಂತ್ರಣ, ಅಂದರೆ ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ತಿಳಿಯಲು ಪ್ರತಿ ಮಾದರಿಯಲ್ಲೂ ಜೊತೆಗೇ ನೋಡುವ ಇನ್ನೊಂದು ಗುರುತು. ಅದನ್ನು ಇಲ್ಲಿ ಹೇಳಲೇಬೇಕು. ಮನುಷ್ಯರ ಆರ್‌ನೇಸ್-ಪಿ ಜೀನನ್ನು ನಿಯಂತ್ರಣವಾಗಿ ನೋಡುವ ರೂಢಿ ಗಂಟಲ ದ್ರವಕ್ಕೆ ಸರಿ, ಏಕೆಂದರೆ ಅದರಲ್ಲಿ ಜೀವಕೋಶಗಳು ಬೇಕಾದಷ್ಟಿರುತ್ತವೆ. ಸೀರಮ್‌ನಲ್ಲಿ ಜೀವಕೋಶಗಳು ಇರುವುದೇ ಅಪರೂಪ, ಆದ್ದರಿಂದ ಅದರ ಸಿಟಿಯನ್ನು ನೆಚ್ಚಿಕೊಳ್ಳಲಾಗದು. ನಾವು ಎಂಎಸ್‌2 ಎಂಬ, ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ಸನ್ನು ಅಳೆದು ಲೈಸಿಸ್ ಬಫರ್‌ಗೆ (ವೈರಸ್ಸನ್ನು ಒಡೆಯುವ ಮೊದಲ ದ್ರವಕ್ಕೆ) ಸೇರಿಸುತ್ತೇವೆ. ಅದು ಮಾದರಿಯ ಜೊತೆಗೇ ಎಲ್ಲ ಹಂತಗಳನ್ನೂ ಹಾದು ಬರುತ್ತದೆ. ಕಾಲಂನಲ್ಲಿ ಅದರ ಸಿಟಿ ದಿನದಿಂದ ದಿನಕ್ಕೆ 28ರ ಆಸುಪಾಸಿನಲ್ಲೇ ಇತ್ತು. ಬೀಡ್‌ನಲ್ಲಿ ಅದೇ ದಿನ, ಅದೇ ಸಾಲಿನಲ್ಲಿ 28ರಿಂದ 33ರವರೆಗೆ ಅಲೆದಾಡಿತು. ಎರಡು ದುರ್ಬಲ ಮಾದರಿಗಳಲ್ಲಿ ಎಂಎಸ್‌2 ಕೂಡ ಬರಲಿಲ್ಲ, ಡೆಂಗೀಯೂ ಬರಲಿಲ್ಲ. ಈ ನಿಯಂತ್ರಣ ಇರದಿದ್ದರೆ ಅವೆರಡನ್ನೂ ನೆಗೆಟಿವ್ ಎಂದು ಬರೆದಿಡುತ್ತಿದ್ದೆವು. ಸಂಶೋಧನೆಯ ಮಾದರಿಯಾದರೇನು, ಆ ಟ್ಯೂಬಿನ ಹಿಂದೆ ವಾರ್ಡಿನಲ್ಲಿ ಮಲಗಿರುವ ಒಬ್ಬ ಮನುಷ್ಯ ಇದ್ದಾರೆ.

ಆರ್‌ಎನ್‌ಎಯನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಅಳೆದು ಎರಡು ಕಿಟ್‌ಗಳನ್ನು ಹೋಲಿಸಬೇಡಿ. ಅಲ್ಪಸ್ವಲ್ಪವಿರುವ ವೈರಸ್ಸಿನ ಆರ್‌ಎನ್‌ಎ ಕಳೆದುಹೋಗದಿರಲೆಂದು ಲೈಸಿಸ್ ಬಫರ್‌ಗೆ ಸೇರಿಸುವ ಕ್ಯಾರಿಯರ್ ಆರ್‌ಎನ್‌ಎ ವೈರಸ್ಸಿನ ಆರ್‌ಎನ್‌ಎಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಯಂತ್ರ ಅಳೆಯುವುದು ಅದನ್ನೇ.

ಕಾಲಂಗೂ ಕುಂದುಗಳಿವೆ. ಕೊಬ್ಬಿನಂಶ ಹೆಚ್ಚಿರುವ ಸೀರಮ್ ಪೊರೆಯಲ್ಲಿ ಕಟ್ಟಿಕೊಳ್ಳುತ್ತದೆ, ಎರಡು ಬಾರಿ ತಿರುಗಿಸಬೇಕಾಗುತ್ತದೆ. ಪ್ಲಾಸ್ಟಿಕ್ ಕಸದ ರಾಶಿ ನೋಡಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಪ್ರತಿ ಹಂತದಲ್ಲೂ ಮುಚ್ಚಳ ತೆರೆಯಬೇಕಾದ್ದರಿಂದ ಒಂದು ಮಾದರಿಯಿಂದ ಇನ್ನೊಂದಕ್ಕೆ ಸೋಂಕು ದಾಟುವ ಭಯವಿದೆ; ಅದನ್ನು ಪತ್ತೆಹಚ್ಚಲು ಮಾದರಿಗಳ ಪ್ರತಿ ಬ್ಯಾಚಿಗೂ ಬರಿಯ ನೀರಿನ ಒಂದು ಟ್ಯೂಬನ್ನು ಮೊದಲಿನಿಂದ ಕೊನೆಯವರೆಗೆ ಜೊತೆಗೇ ನಡೆಸುತ್ತೇವೆ. ಬೆಲೆ ಹೆಚ್ಚು, ಅದರಲ್ಲಿ ಎರಡು ಮಾತಿಲ್ಲ.

ತ್ಯಾಜ್ಯದ ವಿಷಯದಲ್ಲಿ ಮಾತ್ರ ಎರಡೂ ವಿಧಾನದವರು ಎಚ್ಚರವಾಗಿರಬೇಕು. ನಮ್ಮ ಪ್ರಯೋಗಾಲಯಗಳಲ್ಲಿ ಏನನ್ನೇ ಎಸೆದರೂ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ತುಂಬಿದ ಜಾಡಿಗೆ ಹಾಕುವುದು ಕೈಗೆ ಅಂಟಿದ ಅಭ್ಯಾಸ. ಗ್ವಾನಿಡಿನಿಯಮ್ ಥಯೋಸಯನೇಟ್ ಇರುವ ದ್ರವ ಹೈಪೋಕ್ಲೋರೈಟ್ ಜೊತೆ ಸೇರಿದರೆ ವಿಷಾನಿಲ ಹುಟ್ಟುತ್ತದೆ. ಕಾಲಂನಲ್ಲಿ ಆ ದ್ರವ ಸಂಗ್ರಹ ಟ್ಯೂಬಿಗೆ ಇಳಿಯುವುದರಿಂದ ಅದನ್ನು ಬೇರೆ ಬಾಟಲಿಗೆ ಸುರಿಯುವುದು ಸುಲಭ. ಬೀಡ್‌ನಲ್ಲಿ ಅದನ್ನು ಟಿಪ್ಪಿನಿಂದ ಹೀರುವುದರಿಂದ, ಟಿಪ್ಪಿನ ಸಮೇತ ಜಾಡಿಗೆ ಬೀಳುವ ಅಪಾಯ ಹೆಚ್ಚು. ನಮ್ಮಲ್ಲಿ ಒಮ್ಮೆ ಹಾಗೆ ಆಗಿ, ಘಾಟು ಬಂದ ಕೂಡಲೇ ಎಲ್ಲರೂ ಕೋಣೆ ಬಿಟ್ಟು ಹೊರಬಂದೆವು. ಅಂದಿನಿಂದ ಕೆಂಪು ಪಟ್ಟಿ ಅಂಟಿಸಿದ ಬೇರೆಯೇ ಬಾಟಲಿ ಇಟ್ಟಿದ್ದೇವೆ.

ಫಿನಾಲ್–ಕ್ಲೋರೋಫಾರ್ಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಳುವರಿ ಚೆನ್ನಾಗಿದೆ, ಅಗ್ಗ. ಆದರೆ ವಿಷಾವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಮಾಡಕೂಡದು, ದಿನಕ್ಕೆ ಆರಕ್ಕಿಂತ ಹೆಚ್ಚು ಮಾದರಿಗಳನ್ನು ನೆಮ್ಮದಿಯಿಂದ ಮಾಡಲಾಗದು. ಸೀರಮ್ ಅನ್ನು ಬರಿದೇ ಕುದಿಸಿ ಬಳಸುವ ಉಪಾಯವನ್ನು ನಾನು ಪ್ರಯತ್ನಿಸಲಿಲ್ಲ.

ನಮ್ಮಲ್ಲಿ ದಿನಕ್ಕೆ ಹತ್ತರಿಂದ ಹದಿನಾರು ಮಾದರಿ, 24 ಟ್ಯೂಬಿನ ಒಂದು ಸೆಂಟ್ರಿಫ್ಯೂಜ್, ಒಬ್ಬರೇ ತಂತ್ರಜ್ಞೆ. ಈ ಅಳತೆಗೆ ಕಾಲಂ ಹೊಂದುತ್ತದೆ. ಕೋವಿಡ್ ಸಮಯದಲ್ಲಿ ಬಂದ ಸ್ವಯಂಚಾಲಿತ ಬೀಡ್ ಯಂತ್ರ ನಿಮ್ಮಲ್ಲಿದ್ದು, ದಿನಕ್ಕೆ ನೂರು ಮಾದರಿ ಬರುವುದಾದರೆ ನನ್ನ ಮಾತು ಅನ್ವಯಿಸುವುದಿಲ್ಲ. ಯಂತ್ರ ತನ್ನ ತಟ್ಟೆಯ ಪ್ರತಿ ಗುಳಿಯನ್ನೂ ಒಂದೇ ಕಾಲದಷ್ಟು ಆರಿಸುತ್ತದೆ, ಕೈಗೆ ಆ ಸಮತೆ ಬಾರದು. ಎರಡನೆಯ ವರ್ಷದ ಬೀಡ್ ಕಿಟ್‌ಗಳಲ್ಲಿ ಎರಡು ಇನ್ನೂ ಫ್ರಿಜ್ಜಿನಲ್ಲಿವೆ. ಅವನ್ನು ಫ್ರೀಜರ್‌ನಲ್ಲಿ ಇಡಬಾರದು, ಹೆಪ್ಪುಗಟ್ಟಿದರೆ ಬೀಡ್‌ಗಳು ಗಂಟುಕಟ್ಟುತ್ತವೆ. ಗಾಳಿ ಒಣಗಿರುವ ಜನವರಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಅವನ್ನು ತೆಗೆಯಬೇಕೆಂದಿದ್ದೇನೆ, ತಳದ ಹನಿಯನ್ನು ತೆಗೆಯುವ ಸಣ್ಣ ಟಿಪ್ಪುಗಳ ಡಬ್ಬಿಯ ಜೊತೆಗೆ.